ಸುಡಾನಿನಿಂದ ಬಂದ ಸಾಕ್ಷಿ

1990ರ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದು ಸಂಚಿಕೆಯಲ್ಲಿ ಮಲೇರಿಯಾ ಕುರಿತ ಎರಡು ಪ್ರಬಂಧಗಳು ಅಕ್ಕಪಕ್ಕದಲ್ಲಿವೆ. 253ನೆಯ ಪುಟದಲ್ಲಿ ಶುರುವಾಗುವ ಮೊದಲನೆಯದು 255ರಲ್ಲಿ ಮುಗಿಯುತ್ತದೆ; ಅದೇ ಪುಟದಿಂದ ಎರಡನೆಯದು ಆರಂಭ. ಕೇಳಿದ ಪ್ರಶ್ನೆ ಒಂದೇ: ಫಾಲ್ಸಿಪಾರಮ್ ಮಲೇರಿಯಾದ ಪರಾವಲಂಬಿ ಕ್ಲೋರೋಕ್ವಿನ್ ಗುಳಿಗೆಗೆ ಜಗ್ಗದಂತೆ ಆಗಿದ್ದು ಯಾವ ಜೀನಿನ ದೆಸೆಯಿಂದ? ಉತ್ತರ ಮಾತ್ರ ಉತ್ತರ ದಕ್ಷಿಣ. ಆಸ್ಟ್ರೇಲಿಯಾದ ಸೈಮನ್ ಫೂಟ್ ಮತ್ತು ಅಲನ್ ಕೌಮನ್ ಅವರ ತಂಡ ‘ಪಿಎಫ್‌ಎಂಡಿಆರ್1’ ಎಂಬ ಜೀನಿನತ್ತ ಬೆರಳು ತೋರಿಸಿತು. ಕ್ಯಾನ್ಸರ್ ಕೋಶಗಳು ಔಷಧವನ್ನು ಹೊರದಬ್ಬಲು ಬಳಸುವ ಜೀನಿಗೆ ಇದು ಸಂಬಂಧಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಥಾಮಸ್ ವೆಲ್ಲೆಮ್ಸ್ ಮತ್ತು ಸಂಗಡಿಗರು, ಆ ಜೀನಿಗೂ ನಿರೋಧಕ್ಕೂ ನಂಟೇ ಇಲ್ಲ ಎಂದರು.

ಆ ಪುಟದಿಂದ ಮುಂದಿನ ಹತ್ತು ವರ್ಷಗಳ ಪ್ರಬಂಧಗಳನ್ನು ಒಂದೊಂದಾಗಿ ಓದುತ್ತ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳಬೇಕು. ವಿಜ್ಞಾನಿಯೊಬ್ಬ ತಾನು ಹೆಸರಿಸಿದ ಅಪರಾಧಿಯನ್ನು ತಾನೇ ಬಿಡುಗಡೆ ಮಾಡಿದ ದಾಖಲೆ ಅದು.

ಮೊದಲು ಆ ಗುಳಿಗೆಯ ಮಾತು. ಜರ್ಮನಿಯ ಹಾನ್ಸ್ ಆಂಡರ್‌ಸಾಗ್ 1934ರಲ್ಲಿ ಕ್ಲೋರೋಕ್ವಿನ್ ತಯಾರಿಸಿದರು. ಎರಡನೆಯ ಮಹಾಯುದ್ಧದ ನಂತರ ಅದು ಬಡವರ ಔಷಧವಾಯಿತು: ಅಗ್ಗ, ಮೂರು ದಿನದ ಚಿಕಿತ್ಸೆ. ಬ್ರೆಜಿಲ್, ಕಾಂಬೋಡಿಯಾಗಳಲ್ಲಿ ಊಟದ ಉಪ್ಪಿಗೂ ಅದನ್ನು ಬೆರೆಸಿ ಹಂಚಿದರು. 1950ರ ದಶಕದ ಕೊನೆಗೆ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿಯೂ ಕೊಲಂಬಿಯಾದಲ್ಲಿಯೂ ಗುಳಿಗೆ ನುಂಗಿದವರ ಜ್ವರ ಇಳಿಯಲಿಲ್ಲ. ನಮ್ಮ ದೇಶದಲ್ಲಿ 1973ರಲ್ಲಿ ಅಸ್ಸಾಮಿನಿಂದ ಮೊದಲ ವರದಿ ಬಂತು. 70ರ ದಶಕದ ಕೊನೆಗೆ ಈ ನಿರೋಧ ಪೂರ್ವ ಆಫ್ರಿಕಾ ತಲುಪಿತು. ಸೆನೆಗಲ್‌ನ ಹಳ್ಳಿಗಳ ಸಾವಿನ ಲೆಕ್ಕವನ್ನು ಪರಿಶೀಲಿಸಿದವರಿಗೆ, ನಿರೋಧ ಕಾಲಿಟ್ಟ ಮೇಲೆ ಮಲೇರಿಯಾದಿಂದ ಸಾಯುವ ಮಕ್ಕಳ ಪ್ರಮಾಣ ಕನಿಷ್ಠ ಎರಡು ಪಟ್ಟಾಗಿದ್ದು ಕಂಡಿತು. ಜೀನಿನ ಹುಡುಕಾಟದ ಹಿಂದೆ ಇದ್ದದ್ದು ಈ ಮಕ್ಕಳು.

ವೆಲ್ಲೆಮ್ಸ್ ಹಿಡಿದ ದಾರಿ ಸಂಕರದ್ದು. ನಮ್ಮ ರಕ್ತದಲ್ಲಿರುವಾಗ ಪರಾವಲಂಬಿಯ ಬಳಿ ಪ್ರತಿ ಜೀನಿನ ಒಂದೇ ಪ್ರತಿ ಇರುತ್ತದೆ. ಸೊಳ್ಳೆಯ ಹೊಟ್ಟೆಯಲ್ಲಷ್ಟೇ ಗಂಡು ಹೆಣ್ಣು ರೂಪಗಳು ಕೂಡಿ, ಎರಡು ತಳಿಗಳ ಜೀನುಗಳು ಬೆರೆತು ಹೊಸ ಪೀಳಿಗೆ ಹುಟ್ಟುತ್ತದೆ. ಇಂಡೋಚೈನಾ ಮೂಲದ ‘ಡಿಡಿ2’ ಔಷಧಕ್ಕೆ ಬಗ್ಗದ ತಳಿ. ಹೊಂಡುರಾಸ್‌ನ ‘ಎಚ್‌ಬಿ3’ ಬಗ್ಗುವ ತಳಿ. ಎರಡನ್ನೂ ಬೆರೆಸಿ ಸೊಳ್ಳೆಗೆ ಉಣಿಸಿ, ಆ ಸೊಳ್ಳೆಯ ಮೂಲಕ ಚಿಂಪಾಂಜಿಗೆ ದಾಟಿಸಿ, ಅದರ ರಕ್ತದಿಂದ 16 ಬೇರೆ ಬೇರೆ ಸಂತತಿಗಳನ್ನು ಹೆಕ್ಕಿದರು. ಒಂದೊಂದೂ ಪೂರ್ತಿ ನಿರೋಧಿ, ಇಲ್ಲವೇ ಪೂರ್ತಿ ಅಧೀನ, ನಡುವಿನದು ಇರಲಿಲ್ಲ. ಅಂದರೆ ನಿರೋಧದ ಕೀಲಿ ಜೀನೋಮಿನಲ್ಲಿ ಒಂದೇ ಜಾಗದಲ್ಲಿದೆ. 1991ರಲ್ಲಿ ಆ ಜಾಗ ಏಳನೆಯ ವರ್ಣತಂತುವಿನಲ್ಲಿ ಸುಮಾರು 4 ಲಕ್ಷ ಡಿಎನ್‌ಎ ಅಕ್ಷರಗಳ ಒಂದು ತುಂಡಿಗೆ ಇಳಿಯಿತು. ಪಿಎಫ್‌ಎಂಡಿಆರ್1 ಇರುವುದು ಐದನೆಯ ವರ್ಣತಂತುವಿನಲ್ಲಿ.

ಇನ್ನಷ್ಟು ಸಂತತಿಗಳನ್ನು ಬೆಳೆಸಿ ಆ ತುಂಡನ್ನು 36 ಸಾವಿರ ಅಕ್ಷರಗಳಿಗೆ ಕಿರಿದು ಮಾಡಲು ಆರು ವರ್ಷ ಹಿಡಿಯಿತು. 1997ರ ‘ಸೆಲ್’ ಪತ್ರಿಕೆಯಲ್ಲಿ ಶಿನ್‌ಝುವಾನ್ ಸು, ವೆಲ್ಲೆಮ್ಸ್ ಮತ್ತಿತರರು ಆರೋಪಿಯನ್ನು ಹೆಸರಿಸಿದರು: ‘ಸಿಜಿ2’. ಏಷ್ಯಾ, ಆಫ್ರಿಕಾಗಳ ನಿರೋಧಿ ತಳಿಗಳಲ್ಲೆಲ್ಲ ಸಿಜಿ2ರಲ್ಲಿ ಒಂದೇ ಬಗೆಯ ಬದಲಾವಣೆಗಳ ಗೊಂಚಲು ಇತ್ತು. ಆದರೆ ಅದೇ ಪ್ರಬಂಧದಲ್ಲಿ ಲೆಕ್ಕಕ್ಕೆ ಸಿಗದ ಒಂದು ತಳಿಯೂ ಇದೆ. ಸುಡಾನಿನ ರೋಗಿಯಿಂದ ಬಂದ ಅದರ ಹೆಸರು ‘106/1’. ಸಿಜಿ2 ನೋಡಿದರೆ ಅದು ಅಪ್ಪಟ ನಿರೋಧಿ. ಕ್ಲೋರೋಕ್ವಿನ್ ಹಾಕಿದರೆ ಸಾಯುತ್ತದೆ. ಈ ತಳಿಯನ್ನು ಪಟ್ಟಿಯಿಂದ ಕೈಬಿಟ್ಟಿದ್ದರೆ ಚಿತ್ರ ಎಷ್ಟು ಚೊಕ್ಕಟವಾಗಿ ಕಾಣುತ್ತಿತ್ತು! ಅವರು ಬಿಡಲಿಲ್ಲ. ಈ ಒಂದು ಕಾರಣಕ್ಕೆ ನಾನು ಆ ಪ್ರಬಂಧವನ್ನು ದೊಡ್ಡದೆಂದು ಎಣಿಸುತ್ತೇನೆ.

2000ರಲ್ಲಿ ಡೇವಿಡ್ ಫಿಡಾಕ್, ವೆಲ್ಲೆಮ್ಸ್ ಮತ್ತು ಸಂಗಡಿಗರು ನೇರ ಪರೀಕ್ಷೆಗೆ ಇಳಿದರು. ನಿರೋಧಿ ಪರಾವಲಂಬಿಯ ಸಿಜಿ2ನ್ನು ತೆಗೆದು ಅಧೀನ ತಳಿಯದನ್ನು ಕೂರಿಸಿದರು. ನಿರೋಧ ಕದಲಲಿಲ್ಲ. ಕಳ್ಳನನ್ನು ಹಿಡಿಯಲು ಹೋಗಿ ಪಕ್ಕದ ಮನೆಯವನನ್ನು ಹಿಡಿದುತಂದಂತೆ ಆಗಿತ್ತು. ಆ 36 ಸಾವಿರ ಅಕ್ಷರಗಳನ್ನೇ ಮತ್ತೆ ಓದಿದಾಗ ಸಿಜಿ2ರ ಮಗ್ಗುಲಲ್ಲೇ, 13 ಚೂರುಗಳಾಗಿ ಹರಡಿದ್ದ ಇನ್ನೊಂದು ಜೀನ್ ಸಿಕ್ಕಿತು. ಚೂರುಗಳು ಚಿಕ್ಕವಾದ್ದರಿಂದ ಮೊದಲ ಓದಿಗೆ ದಕ್ಕಿರಲಿಲ್ಲ. ಅದಕ್ಕೆ ‘ಪಿಎಫ್‌ಸಿಆರ್‌ಟಿ’ ಎಂದು ಹೆಸರಿಟ್ಟರು.

ಆಗ 106/1ರ ಸಾಕ್ಷ್ಯಕ್ಕೆ ಬೆಲೆ ಬಂತು. ನಿರೋಧಿ ತಳಿಗಳ ಪಿಎಫ್‌ಸಿಆರ್‌ಟಿಯಲ್ಲಿರುವ ಬದಲಾವಣೆಗಳೆಲ್ಲ ಈ ತಳಿಯಲ್ಲೂ ಇದ್ದವು, ಒಂದರ ಹೊರತು. 76ನೆಯ ಸ್ಥಾನದಲ್ಲಿ ನಿರೋಧಿಗಳಿಗೆ ಥ್ರಿಯೋನಿನ್ ಎಂಬ ಅಮೈನೋ ಆಮ್ಲವಿದ್ದರೆ ಸುಡಾನಿನ ತಳಿಯಲ್ಲಿ ಹಳೆಯ ಲೈಸಿನ್ ಹಾಗೇ ಉಳಿದಿತ್ತು. ಪ್ರಯೋಗಾಲಯದಲ್ಲಿ ಅದೇ ತಳಿಯ ಮೇಲೆ ಕ್ಲೋರೋಕ್ವಿನ್ ಒತ್ತಡ ಹೇರಿದರೆ ಬದಲಾದದ್ದೂ ಆ 76ನೆಯ ಸ್ಥಾನವೇ. ಬದಲಾದ ಕೂಡಲೇ ಅದು ನಿರೋಧಿಯಾಯಿತು.

ಪಿಎಫ್‌ಸಿಆರ್‌ಟಿಯ ಕೆಲಸ ಹೀಗಿದೆ. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಅರಗಿಸುವಾಗ ಹೊರಬೀಳುವ ಹೀಮ್ ಅದಕ್ಕೇ ವಿಷ; ಹರಳುಗಟ್ಟಿಸಿ ಅದರಿಂದ ಪಾರಾಗುತ್ತದೆ. ಪಚನ ಕೋಶದಲ್ಲಿ ಸೇರಿಕೊಳ್ಳುವ ಕ್ಲೋರೋಕ್ವಿನ್ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ. ಪಿಎಫ್‌ಸಿಆರ್‌ಟಿ ಆ ಕೋಶದ ಪೊರೆಯಲ್ಲಿರುವ ಪ್ರೋಟೀನು. ಲೈಸಿನ್‌ಗೂ ಅಲ್ಲಿನ ಕ್ಲೋರೋಕ್ವಿನ್‌ಗೂ ಧನ ವಿದ್ಯುದಂಶವಿರುವುದರಿಂದ ಔಷಧ ಪ್ರೋಟೀನಿನ ಹಾದಿಗೆ ಬಾರದು. ಲೈಸಿನ್ ಹೋಗಿ ಥ್ರಿಯೋನಿನ್ ಬಂದರೆ ತಡೆ ತಪ್ಪಿ ಔಷಧ ಹೊರಗೆ ಸಾಗಿಹೋಗುತ್ತದೆ.

ರೋಗ ನಿಯಂತ್ರಣಕ್ಕೆ ಇದರಿಂದ ಆದ ಲಾಭವೇನು? ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ನಿಲ್ಲಿಸಿತ್ತು. ಜೀನ್ ಗೊತ್ತಾದ ಮೇಲೆ ಅಲ್ಲಿನ ಹಳೆಯ, ಹೊಸ ರಕ್ತದ ಮಾದರಿಗಳನ್ನು ನೋಡಿದರೆ 1992ರಲ್ಲಿ 85 ಶೇಕಡಾ ಇದ್ದ ಆ ರೂಪಾಂತರ 2000ದ ಹೊತ್ತಿಗೆ 13 ಶೇಕಡಾಕ್ಕೆ ಇಳಿದಿತ್ತು. 2006ರಲ್ಲಿ ಬ್ಲಾಂಟೈರ್ ನಗರದ ಮಕ್ಕಳ ಮೇಲಿನ ಅಧ್ಯಯನ ಪ್ರಕಟವಾಯಿತು: ಕ್ಲೋರೋಕ್ವಿನ್ 99 ಶೇಕಡಾ ಗುಣ ಕೊಟ್ಟಿತು, ಅದರ ಬದಲಿಗೆ ಬಂದಿದ್ದ ಸಲ್ಫಾಡಾಕ್ಸಿನ್-ಪಿರಿಮೆಥಮಿನ್ ಬರೀ 21 ಶೇಕಡಾ. ಔಷಧದ ಒತ್ತಡ ಇಲ್ಲದಾಗ ರೂಪಾಂತರ ಪರಾವಲಂಬಿಗೇ ಭಾರ.

ಮಲಾವಿಯ ಈ ಪಾಠವನ್ನು ಇಲ್ಲಿಗೆ ಹಾಗೆಯೇ ತರಬಹುದೆ? ಆಗದು. 2004ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್, ಪಿ. ಎನ್. ರಂಗರಾಜನ್ ಮತ್ತು ಸಹ ಸಂಶೋಧಕರು ಭಾರತದ ಮಾದರಿಗಳ ಪಿಎಫ್‌ಸಿಆರ್‌ಟಿ ಓದಿ ಪ್ರಕಟಿಸಿದರು. ಇಲ್ಲಿ ವ್ಯಾಪಕವಾಗಿದ್ದದ್ದು ಆಫ್ರಿಕಾಕ್ಕೆ ಹೋದ ಆಗ್ನೇಯ ಏಷ್ಯಾದ ಬಗೆಯಲ್ಲ. ಪಪುವಾ ನ್ಯೂಗಿನಿಯಲ್ಲಿ, ದಕ್ಷಿಣ ಅಮೆರಿಕದಲ್ಲಿ ಕಾಣುವ ‘ಎಸ್‌ವಿಎಂಎನ್‌ಟಿ’ ಬಗೆ. ಇನ್ನೊಂದು ಅಡ್ಡಿಯೂ ಇದೆ. ಭಾರತದಲ್ಲಿ 2010ರಿಂದ ಎಲ್ಲೆಡೆ ಫಾಲ್ಸಿಪಾರಮ್‌ಗೆ ಆರ್ಟಿಮಿಸಿನಿನ್ ಜೋಡಿ ಔಷಧ ಕೊಡುತ್ತಿದ್ದರೂ ವೈವಾಕ್ಸ್ ಮಲೇರಿಯಾಕ್ಕೆ ಇವತ್ತಿಗೂ ಕ್ಲೋರೋಕ್ವಿನ್ನೇ. ಮಂಗಳೂರಿನಂತೆ ವೈವಾಕ್ಸ್ ಪ್ರಧಾನವಾದ ಊರಿನಲ್ಲಿ ಎರಡೂ ಜಾತಿಗಳು ಒಂದೇ ಜನರ ನಡುವೆ ಓಡಾಡುತ್ತವೆ. ಮಲಾವಿಯಲ್ಲಿ ಇಳಿದ ಒತ್ತಡ ಇಲ್ಲಿ ಪೂರ್ತಿ ಇಳಿದೇ ಇಲ್ಲ.

ಈಗ ಆರ್ಟಿಮಿಸಿನಿನ್‌ಗೂ ಅದೇ ಕಂಟಕ. ಅದಕ್ಕೆ ಕಾರಣವಾದ ‘ಕೆಲ್ಚ್13’ ಜೀನಿನ ರೂಪಾಂತರಗಳನ್ನು 2014ರಲ್ಲಿ ಕಾಂಬೋಡಿಯಾದ ಮಾದರಿಗಳಲ್ಲಿ ಗುರುತಿಸಿದರು; ಆಮೇಲೆ ರುವಾಂಡಾ, ಉಗಾಂಡಾಗಳಲ್ಲೂ ಬೇರೆ ರೂಪಾಂತರಗಳು ಕಂಡವು. ಕರ್ನಾಟಕದಲ್ಲಿ ಮಲೇರಿಯಾ ಬಹಳಷ್ಟು ಇಳಿದಿದೆ, ಸಂತೋಷ. ರೋಗಿಗಳು ಕಡಿಮೆಯಾದರೆಂದು ಜೀನ್ ಪರೀಕ್ಷೆಯನ್ನು ಬದಿಗಿಡುವುದು ಮಾತ್ರ ತಪ್ಪು. ಕಡಿಮೆ ಇರುವಾಗಲೇ ಒಂದೊಂದು ಮಾದರಿಯನ್ನೂ ಓದಲು ಸಾಧ್ಯ. ರಾಜ್ಯದಲ್ಲಿ ಪತ್ತೆಯಾಗುವ ಪ್ರತಿ ಫಾಲ್ಸಿಪಾರಮ್ ರೋಗಿಯ ಒಂದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿಟ್ಟು, ಪಿಎಫ್‌ಸಿಆರ್‌ಟಿ ಮತ್ತು ಕೆಲ್ಚ್13 ಎರಡನ್ನೂ ಪ್ರತಿ ವರ್ಷ ಪರೀಕ್ಷಿಸಿ, ಫಲಿತಾಂಶವನ್ನು ಜಿಲ್ಲಾವಾರು ಪ್ರಕಟಿಸಬೇಕು.