ಎರ್ರಗುಡಿಯ ಬಂಡೆಯೂ ಯವನರ ಪೌರಧರ್ಮವೂ

ಪೌರಧರ್ಮದ ಪಾಠ ಬಂದಾಗ ನಾವು ಉಪಾಧ್ಯಾಯರು ಅಥೆನ್ಸಿನ ಹೆಸರು ಹೇಳಿ ಮುಂದೆ ಸಾಗುವುದುಂಟು. ಮಕ್ಕಳಿಗೆ ಅದು ಪರೀಕ್ಷೆ ಮುಗಿದೊಡನೆ ಮರೆತುಹೋಗುವ ದೂರದ ಊರು. ಆದರೆ ಯವನರ ಸುದ್ದಿ ನಂದವರಂ, ಆದವಾನಿಗಳ ಈ ಸೀಮೆಗೆ ಹೊಸದಲ್ಲ. ಪತ್ತಿಕೊಂಡದ ಕಡೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಧರ್ಮಶಾಸನಗಳಿವೆ. ಅಂತಿಯೋಕನೇ ಮೊದಲಾದ ಐವರು ಯವನ ಅರಸರನ್ನು ಹೆಸರಿಸುವ ಹದಿಮೂರನೆಯ ಶಾಸನವೂ ಅವುಗಳಲ್ಲೊಂದು.

ಅಲ್ಲಿಯೇ ಇರುವ ಕಿರುಶಾಸನ ಇನ್ನೂ ಸ್ವಾರಸ್ಯವಾದುದು. ರಜ್ಜುಕನೆಂಬ ಅಧಿಕಾರಿ ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕಾದ ಆಜ್ಞೆ ಅದರಲ್ಲಿದೆ. ತಾಯಿತಂದೆಗಳ ಮಾತು ಕೇಳಬೇಕು, ಹಿರಿಯರನ್ನು ಮನ್ನಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಇದೆ. ಅದನ್ನು ನಮ್ಮ ವೃತ್ತಿಯವರು ಮರೆಯಲಾರರು! ಅದರ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ಉಳುವ ಎತ್ತು ಹೊಲದ ಕೊನೆಯಲ್ಲಿ ತಿರುಗಿ ಬಂದಂತೆ ಸಾಗುತ್ತವೆ. ಕ್ರೀಟ್ ದ್ವೀಪದ ಗೊರ್ಟಿನ್ ಪಟ್ಟಣದಲ್ಲಿ ಕ್ರಿ. ಪೂ. 5ನೆಯ ಶತಮಾನದಲ್ಲಿ ಕಲ್ಲುಗೋಡೆಯ ಮೇಲೆ ಕೊರೆದ ಕಾಯಿದೆಯ ಬರಹವೂ ಹೀಗೆಯೇ. ಒಂದರಿಂದ ಇನ್ನೊಂದು ಬಂದಿತೆಂದು ನಾವು ವಾದಿಸುವುದಿಲ್ಲ.

1958ರಲ್ಲಿ ಕಂದಹಾರದಲ್ಲಿ ದೊರೆತ ಅಶೋಕನ ಶಾಸನ ಮಾತ್ರ ನಿಜವಾದ ಕೊಂಡಿ. ಅದು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಧರ್ಮವೆಂಬುದಕ್ಕೆ ಗ್ರೀಕಿನಲ್ಲಿ 'ಯೂಸೆಬೇಯಾ' ಎಂಬ ಶಬ್ದವನ್ನು ಬಳಸಿದ್ದಾರೆ. ತಾಯಿತಂದೆ, ಹಿರಿಯರಿಗೆ ವಿಧೇಯರಾಗಿರುವ ಮಾತು ಅಲ್ಲಿಯೂ ಬರುತ್ತದೆ. ಯವನ ಪ್ರಜೆಗೆ ಅವನ ನುಡಿಯಲ್ಲಿಯೇ ರಾಜಾಜ್ಞೆ ದೊರೆಯಿತು. ಎರ್ರಗುಡಿಯಲ್ಲಿಯಾದರೋ ಬರಹ ಪ್ರಾಕೃತದ್ದು. ನಮ್ಮ ಪೂರ್ವಿಕರ ನುಡಿಗೆ ಆ ಭಾಗ್ಯ ಬರಲಿಲ್ಲ.

ಆಜ್ಞೆ ದೊಡ್ಡದೋ, ಮನವೊಲಿಕೆ ದೊಡ್ಡದೋ? ದಿಲ್ಲಿಗೆ ಸಾಗಿಸಲ್ಪಟ್ಟ ಟೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ಅಶೋಕನು, ನಿಯಮಗಳಿಂದ ಆದುದು ಅಲ್ಪ, ತಿಳಿಹೇಳಿದ್ದರಿಂದಲೇ ಧರ್ಮ ಹೆಚ್ಚು ಬೆಳೆಯಿತು ಎನ್ನುತ್ತಾನೆ. ಅದಕ್ಕೆ ಸುಮಾರು ನೂರು ವರ್ಷ ಮೊದಲು ಪ್ಲೇಟೋ ತನ್ನ ಮುಪ್ಪಿನ ಕೃತಿಯಾದ 'ಲಾಸ್'ನಲ್ಲಿ, ಪ್ರತಿ ಕಾನೂನಿಗೂ ಜನರನ್ನು ಒಲಿಸುವ ಪೀಠಿಕೆಯೊಂದು ಇರಬೇಕೆಂದಿದ್ದನು. ಕಾರಣ ಹೇಳದೆ ಮದ್ದು ಕೊಡುವ ವೈದ್ಯನಿಗಿಂತ, ರೋಗಿಗೆ ತಿಳಿಯಹೇಳಿ ಒಪ್ಪಿಸಿ ಕೊಡುವವನೇ ಮೇಲೆಂಬುದು ಅವನು ಕೊಟ್ಟ ಉಪಮಾನ.

ಇಬ್ಬರೂ ಒಂದೇ ಎಂದು ಹೇಳಿಬಿಡುವುದು ಮಾತ್ರ ತಪ್ಪಾದೀತು. ಅಶೋಕನಲ್ಲಿ ಒಲಿಸುವವನು ಅರಸ, ಒಲಿಯುವವನು ಪ್ರಜೆ. ಅರಿಸ್ಟಾಟಲನ ಮತದಲ್ಲಿ ನ್ಯಾಯನಿರ್ಣಯದಲ್ಲಿಯೂ ಅಧಿಕಾರದಲ್ಲಿಯೂ ಪಾಲುಳ್ಳವನೇ ಪೌರ. ರಾಜಕಾರ್ಯದಿಂದ ದೂರವಿರುವವನು ನಿಷ್ಪ್ರಯೋಜಕನೆಂಬ ಭಾವವನ್ನು ಥೂಸಿಡಿಡೀಸನು ಪೆರಿಕ್ಲೀಸನ ಬಾಯಿಂದ ಆಡಿಸಿದ್ದಾನೆ. (ಹೆಂಗಸರಿಗೂ ಗುಲಾಮರಿಗೂ ಈ ಪಾಲು ಇರಲಿಲ್ಲವೆಂಬುದನ್ನು ಪಾಠದಲ್ಲಿ ಬಿಡತಕ್ಕದ್ದಲ್ಲ.) 'ಕ್ರೀಟೋ' ಸಂವಾದದಲ್ಲಿ, ಕ್ರಿ. ಪೂ. 399ರಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರಟೀಸನಿಗೆ ಕಾನೂನುಗಳೇ ಎದುರು ನಿಂತು ಎರಡು ದಾರಿಗಳನ್ನು ತೋರಿಸುತ್ತವೆ: ನಗರವನ್ನು ಒಲಿಸು, ಇಲ್ಲವೇ ಅದರ ಮಾತಿನಂತೆ ನಡೆ. ಸೆರೆಮನೆಯಿಂದ ಓಡಿಹೋಗುವುದು ಮಾತ್ರ ಇಲ್ಲ.

ಸಾಮಾನ್ಯವಾಗಿ ಎರಡನೆಯ ದಾರಿಯನ್ನೇ ನಾವು ಮಕ್ಕಳಿಗೆ ಕಲಿಸುತ್ತೇವೆ. ಗಡಿಯಲ್ಲಿರುವ ನಮಗೆ ಮೊದಲನೆಯದರ ಅಗತ್ಯ ಹೆಚ್ಚು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಅದು ಕಾನೂನು, ನಮ್ಮವರು ಅದರಂತೆ ನಡೆದರು. ಆದರೆ ಒಲಿಸುವ ದಾರಿಯನ್ನು ಆ ಕಾನೂನು ಮುಚ್ಚಲಿಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸತಕ್ಕದ್ದು. ಇನ್ನು 350ನೆಯ ವಿಧಿ ಸಂವಿಧಾನದಲ್ಲಿ ಮೊದಲಿನಿಂದಲೂ ಇದ್ದುದು. ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಅಧಿಕಾರಿಗಳಿಗೆ ಒಪ್ಪಿಸಬಹುದೆಂದು ಅದು ಹೇಳುತ್ತದೆ. ಅಂತಹ ಅರ್ಜಿಯನ್ನು ಕನ್ನಡದಲ್ಲಿ ಬರೆಯುವುದನ್ನು ಪೌರಧರ್ಮದ ಪಾಠದ ಅಭ್ಯಾಸಗಳಲ್ಲಿ ಸೇರಿಸಬಹುದು.