ಗುಡುಗುಡಿಯಿಂದ ಗಿಟಾರಿಗೆ

ಹಳೆಯ ಹಾಡನ್ನು ಹೊಸ ತಂಡವೊಂದು ತನ್ನ ದನಿಯಲ್ಲಿ ಹಾಡಿದರೆ ಪಾಶ್ಚಾತ್ಯರು ಅದನ್ನು ‘ಕವರ್’ ಎನ್ನುತ್ತಾರೆ. ಅಮೆರಿಕದ ಸೋನಿ ಕರ್ಟಿಸ್ ಬರೆದ ‘ಐ ಫಾಟ್ ದ ಲಾ’ ಎಂಬ ರಾಕ್ ಹಾಡನ್ನು ಲಂಡನ್ನಿನ ಪಂಕ್ ತಂಡ ‘ದ ಕ್ಲ್ಯಾಶ್’ 1979ರಲ್ಲಿ ಹಾಡಿ ತನ್ನದಾಗಿಸಿಕೊಂಡಿತು. ಕರ್ಟಿಸರ ಹೆಸರು ಉಳಿದದ್ದು ರೆಕಾರ್ಡಿನ ಲೇಬಲ್ಲಿನ ಮೇಲೆ.

ನಮ್ಮಲ್ಲಿ ಇದು ಬೇರೆ ರೀತಿಯಲ್ಲಿ ನಡೆದಿದೆ. ಶಿಶುನಾಳ ಶರೀಫರು (1819–1889) ಗ್ರಾಮಫೋನ್ ನಮ್ಮ ನಾಡಿಗೆ ಬರುವ ಮೊದಲೇ ತೀರಿಕೊಂಡರು. ಅವರ ತತ್ವಪದಗಳು ಬದುಕಿದ್ದು ಹಾಡುವವರ ಬಾಯಲ್ಲಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಅವುಗಳನ್ನು ಸಂಗೀತಕ್ಕೆ ಅಳವಡಿಸಿದರು. 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ‘ಗುಡುಗುಡಿಯ ಸೇದಿ ನೋಡೊ’ ಪದವನ್ನು ಗಿಟಾರಿಗೆ ತಂದರು.

ಮೂಲ ಧ್ವನಿಮುದ್ರಣವೇ ಇಲ್ಲದ ಹಾಡಿಗೆ ನಕಲು ಎಲ್ಲಿಯದು? ಇಲ್ಲಿ ಕವಿಯ ಗುರುತು ಹಾಡಿನೊಳಗೇ ಇದೆ. ಅದೇ ಅಂಕಿತ. ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾದ ಈ ಮುಸ್ಲಿಂ ಕವಿ ತಮ್ಮ ಹೆಸರಿನ ಬದಲು ಊರ ಒಡೆಯನನ್ನು ‘ಶಿಶುನಾಳಧೀಶ’ ಎಂದು ನೆನೆದರು. ಮಣಿಪಾಲದ ವೇದಿಕೆಯಲ್ಲಾಗಲಿ, ಕಾಪುವಿನ ಮನೆಯಂಗಳದಲ್ಲಾಗಲಿ ಗಿಟಾರ್ ಹಿಡಿಯುವ ನಮ್ಮ ಹುಡುಗರು ತಾಳ, ವಾದ್ಯ ಏನನ್ನಾದರೂ ಬದಲಿಸಲಿ. ಆದರೆ ಸಮಯ ಸಾಲದೆಂದು ಕೊನೆಯ ನುಡಿಯನ್ನು ಬಿಟ್ಟರೆ, ಆ ಗುರುಶಿಷ್ಯರ ಚರಿತ್ರೆಯನ್ನೂ ಬಿಟ್ಟಂತೆ.