ಕಂತುಗಳ ಕೊಂಡಿ: ಕೊಂಗುನಾಡಿನ ಕಥಾಗಾಯನವೂ ಇಂದಿನ ಕಿರುತೆರೆಯೂ

ಒಂದೇ ರಾತ್ರಿಯಲ್ಲಿ ಮುಗಿಯದ ಕಥೆಯನ್ನು ಹೇಳಹೊರಟವನ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಇಂದು ಕೇಳಿದವನಿಗೆ ಇಂದಿನ ಭಾಗ ತೃಪ್ತಿಯನ್ನು ಕೊಡಬೇಕು. ನಾಳೆ ಬರುವವನಿಗೆ ನಾಳಿನ ಭಾಗ ನಿನ್ನೆಯದರ ಮುಂದುವರಿಕೆಯಾಗಿ ತೋರಬೇಕು. ಮೊದಲನೆಯದು ಕವಿತ್ವಕ್ಕೆ ಸೇರಿದ ವಿಷಯ. ಎರಡನೆಯದು ಜೋಡಣೆಗೆ ಸೇರಿದುದು. ನಮ್ಮಲ್ಲಿ ಕವಿತ್ವದ ವಿಮರ್ಶೆ ಸಾಕಷ್ಟು ನಡೆದಿದೆ. ಜೋಡಣೆಯ ಚರಿತ್ರೆಯನ್ನು ಕುರಿತು ವಿಚಾರ ಮಾಡಿದವರು ವಿರಳ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಪ್ರದೇಶದಲ್ಲಿ ಬಾಳುವ ನಮಗೆ ಈ ವಿಚಾರಕ್ಕೆ ಬೇಕಾದ ಸಾಮಗ್ರಿ ಕೈಯಳತೆಯಲ್ಲೇ ಇದೆ.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು ೧೯೬೩ರ ನವೆಂಬರ್ ೨೩ರಂದು ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯನ್ನು ದೂರದರ್ಶನದಲ್ಲಿ ಆರಂಭಿಸಿತು. ಅದು ೧೯೮೯ರವರೆಗೆ ನಡೆದು, ನಿಂತು, ೨೦೦೫ರಲ್ಲಿ ಮತ್ತೆ ಮೊದಲಾಯಿತು. ಪ್ರತಿ ಕಂತೂ ಒಂದು ಗಂಡಾಂತರದಲ್ಲಿ ನಿಲ್ಲುತ್ತಿತ್ತು; ಮುಂದಿನ ವಾರದ ಕಂತು ಆ ಗಂಡಾಂತರದ ಕೊನೆಯ ಕ್ಷಣಗಳನ್ನು ಮತ್ತೊಮ್ಮೆ ತೋರಿಸಿ ಮುಂದಕ್ಕೆ ಹೋಗುತ್ತಿತ್ತು. ಒಂದು ಕಥೆ ಮುಗಿದ ಮೇಲೂ ಕೊಂಡಿ ಕಳಚುತ್ತಿರಲಿಲ್ಲ. ಮೊದಲನೆಯ ಕಥೆಯ ಕೊನೆಯಲ್ಲಿ ಪಯಣಿಗರು ಹೊಸದೊಂದು ಲೋಕದಲ್ಲಿ ಇಳಿಯುವ ಮುನ್ನ ವಿಕಿರಣದ ಮಾಪಕವನ್ನು ನೋಡುತ್ತಾರೆ. ಭಯವಿಲ್ಲವೆಂದು ಅವರು ಅತ್ತ ತಿರುಗಿದೊಡನೆ ಮುಳ್ಳು ಅಪಾಯದ ಗುರುತಿಗೆ ಏರುತ್ತದೆ. ಕಥೆಯೊಳಗಿನವರು ಕಾಣದುದನ್ನು ನೋಡುವವನು ಕಂಡಿದ್ದಾನೆ. ಮುಂದಿನ ಕಥೆಗೆ ಅವನನ್ನು ಕಟ್ಟಿಹಾಕಲು ಅಷ್ಟೇ ಸಾಕು. ೧೯೬೬ರಲ್ಲಿ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಬಿಟ್ಟುಹೋದಾಗ, ನಾಯಕನು ದೇಹವನ್ನೇ ಬದಲಿಸಿಕೊಳ್ಳುವ ಜೀವಿಯೆಂದು ಕಲ್ಪಿಸಿ, ಪ್ಯಾಟ್ರಿಕ್ ಟ್ರೌಟನ್ನರನ್ನು ಅದೇ ಪಾತ್ರಕ್ಕೆ ತಂದರು. ಕಥೆಯ ಹೊರಗಿನ ಒಂದು ತೊಡಕೇ ಕಥೆಯ ಒಳಗಿನ ಕೊಂಡಿಯಾಗಿ ಪರಿಣಮಿಸಿತು.

ಇದೆಲ್ಲ ಯಂತ್ರಯುಗದ ಚಾತುರ್ಯವೆಂದು ಭಾವಿಸುವವರು ಕೊಂಗುನಾಡಿನ ‘ಅಣ್ಣನ್ಮಾರ್ ಕಥೆ’ಯನ್ನು ಗಮನಿಸಬೇಕು. ‘ಪೊನ್ನರ್ ಶಂಕರ್’ ಎಂಬ ಹೆಸರಿನಿಂದಲೂ ಪ್ರಸಿದ್ಧವಾದ ಈ ತಮಿಳು ಮಹಾಕಥನವನ್ನು ಗಾಯಕರು ಉಡುಕ್ಕೈ ಎಂಬ ಚಿಕ್ಕ ಡಮರುಗದ ಗತಿಗೆ ರಾತ್ರಿಯಿಂದ ರಾತ್ರಿಗೆ ಹಾಡುತ್ತ ಬಂದವರು. ೧೯೬೫ರಲ್ಲಿ ಕೆನಡಾದ ಮಾನವಶಾಸ್ತ್ರಜ್ಞೆ ಬ್ರೆಂಡಾ ಬೆಕ್ ಅವರು ಕಾಂಗೇಯದ ಬಳಿಯ ಓಲಪ್ಪಾಳಯದಲ್ಲಿ ಇ. ಸಿ. ರಾಮಸಾಮಿ ಎಂಬ ಗಾಯಕರಿಂದ ೧೮ ರಾತ್ರಿಗಳ ಹಾಡಿಕೆಯನ್ನು ಧ್ವನಿಮುದ್ರಿಸಿಕೊಂಡರು. ಕಾಂಗೇಯಂ ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ೨೦೦೯ರಿಂದ ತಿರುಪ್ಪೂರು ಜಿಲ್ಲೆಯಲ್ಲಿದೆ. ಬೆಕ್ ಅವರು ೧೯೮೨ರಲ್ಲಿ ಈ ಕಥನವನ್ನು ಕುರಿತ ಅಧ್ಯಯನಗ್ರಂಥವನ್ನೂ, ೧೯೯೨ರಲ್ಲಿ ತಮಿಳು-ಇಂಗ್ಲಿಷ್ ಪಾಠವನ್ನೂ ಪ್ರಕಟಿಸಿದರು. ಅನಂತರ ಅವರೇ ಅದನ್ನು ೨೬ ಕಂತುಗಳ ಚಲಿಸುವ ಚಿತ್ರಮಾಲೆಯಾಗಿ ಕಿರುತೆರೆಗೆ ಅಳವಡಿಸಿದರು. ಕೊಂಗುನಾಡಿನ ೧೮ ರಾತ್ರಿಗಳು ಅರ್ಧ ಅರ್ಧ ಗಂಟೆಯ ೨೬ ಕಂತುಗಳಾದುವು. ರಾತ್ರಿಯಿಡೀ ಹರಿದ ಹಾಡಿಗೆ ಬೇಡವಾಗಿದ್ದ ಎಷ್ಟೋ ಹೊಸ ನಿಲುಗಡೆಗಳು ಆಗ ಬೇಕಾಗುತ್ತವೆ.

ಹಾಗಾದರೆ ಆ ೧೮ ರಾತ್ರಿಗಳನ್ನು ಒಂದಾಗಿ ಹಿಡಿದಿಟ್ಟುದು ಯಾವುದು? ಪ್ರಧಾನವಾದುದು ವಂಶದ ಎಳೆ. ಅಜ್ಜ ಕೋಲಾತ್ತಾ, ಮಗ ಕುನ್ನುಡೈಯ, ಮೊಮ್ಮಕ್ಕಳಾದ ಪೊನ್ನರ್, ಶಂಕರ್ ಮತ್ತು ತಂಗಿ ತಂಗಾಳ್ ಹೀಗೆ ಮೂರು ತಲೆಮಾರುಗಳು ಸಾಗುತ್ತವೆ. ಅಜ್ಜನ ಕಾಲದ ದಾಯಾದಿ ಮತ್ಸರ ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ಎರಡನೆಯದು ಋಣದ ಎಳೆ. ಅಜ್ಜನ ಹೊಲದ ಬೇಲಿಯಲ್ಲಿ ಹಸುಗಳು ಸತ್ತ ಪಾಪಕ್ಕೆ ಮನೆತನಕ್ಕೆ ಬಂಜೆತನದ ಶಾಪ ತಟ್ಟುತ್ತದೆ. ಸೊಸೆ ತಾಮರೈ ಘೋರ ತಪಸ್ಸಿನಿಂದ ಮಕ್ಕಳನ್ನು ಪಡೆಯುತ್ತಾಳೆ. ಆದರೆ ಗಂಡುಮಕ್ಕಳಿಗೆ ಶಿವನು ಕೊಟ್ಟ ಆಯುಸ್ಸು ೧೬ ವರ್ಷ ಮಾತ್ರ. ಹುಟ್ಟಿನ ರಾತ್ರಿಯಲ್ಲಿ ಹೇಳಿದ ಈ ಅಂಕಿ ಪಡುಕಳದ ರಾತ್ರಿಯಲ್ಲಿ ಫಲಿಸುತ್ತದೆ. ನಡುವಣ ಎಲ್ಲ ರಾತ್ರಿಗಳಲ್ಲಿಯೂ, ಗಾಯಕನು ಬಾಯಿಬಿಟ್ಟು ಹೇಳದಿದ್ದರೂ, ಕೇಳುವವನ ಮನಸ್ಸಿನಲ್ಲಿ ಆ ಲೆಕ್ಕ ನಡೆಯುತ್ತಲೇ ಇರುತ್ತದೆ. ವಿಕಿರಣದ ಮಾಪಕದ ಮುಳ್ಳು ಮಾಡುವ ಕೆಲಸವೂ ಇದೇ ಅಲ್ಲವೆ? ಮೂರನೆಯದು ಸ್ಥಳದ ಎಳೆ. ಮಣಪ್ಪಾರೈ ಬಳಿಯ ವೀರಪ್ಪೂರಿನಲ್ಲಿ ಮಾಸಿ ತಿಂಗಳ ಉತ್ಸವ ನಡೆಯುತ್ತದೆ. ಆ ನೆಲವನ್ನು ಮೆಟ್ಟಿಬಂದವನಿಗೆ ಕಥೆಯ ಕೊನೆ ಮೊದಲೇ ತಿಳಿದಿದೆ. ಆದ್ದರಿಂದ ಅವನು ಕಾಯುವುದು ‘ಏನಾಗುವುದು’ ಎಂಬುದಕ್ಕಲ್ಲ, ‘ಹೇಗಾಗುವುದು’ ಎಂಬುದಕ್ಕೆ.

ಇನ್ನು ಕನ್ನಡದ ಕಡೆಗೆ ಬರೋಣ. ಕೊಳ್ಳೇಗಾಲ ತಾಲ್ಲೂಕು ೧೯೫೬ರ ನವೆಂಬರ್ ೧ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಇಂದಿನ ಪೀಳಿಗೆ ಮರೆಯುತ್ತಿದೆ. ಅಂದರೆ ಮಲೆಯ ಮಾದೇಶ್ವರನ ಬೆಟ್ಟವೂ ಅಣ್ಣನ್ಮಾರರ ಕಾಂಗೇಯವೂ ಒಂದೇ ಜಿಲ್ಲೆಯ ಎರಡು ಮೂಲೆಗಳಾಗಿದ್ದುವು. ಗಡಿ ಬದಲಾದರೂ ತಮಿಳುನಾಡಿನ ಭಕ್ತರು ಮಾದಪ್ಪನ ಬೆಟ್ಟಕ್ಕೆ ಹೋಗುವುದು ನಿಂತಿಲ್ಲ. ದೇವರಗುಡ್ಡರು ಕಂಸಾಳೆಯೊಡನೆ ಹಾಡುವ ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ ೧೯೭೩ರಲ್ಲಿ ಪ್ರಕಟಿಸಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಇನ್ನೊಂದು ಪಾಠವನ್ನು ಹೊರತಂದಿತು.

ಈ ಕಾವ್ಯದ ಭಾಗಗಳಿಗೆ ಹಾಡುವವರು ಇಟ್ಟ ಹೆಸರು ‘ಸಾಲು’. ಶ್ರವಣ ದೊರೆಯ ಸಾಲು, ಹಾಲಂಬಾಡಿ ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು ಮುಂತಾದುವು. ಇವುಗಳ ಕಟ್ಟು ಅಣ್ಣನ್ಮಾರ್ ಕಥೆಯ ಕಟ್ಟಿನಂತಲ್ಲ. ಅಲ್ಲಿ ಹಗ್ಗ, ಇಲ್ಲಿ ಮಣಿಸರ. ಹಗ್ಗವನ್ನು ನಡುವೆ ಕತ್ತರಿಸಿದರೆ ಎರಡು ತುಂಡೂ ಬಿಚ್ಚಿಕೊಳ್ಳುತ್ತವೆ. ಸರದಿಂದ ಒಂದು ಮಣಿಯನ್ನು ತೆಗೆದರೂ ಮಣಿ ಮಣಿಯಾಗಿಯೇ ಉಳಿಯುತ್ತದೆ. ಸಂಕಮ್ಮನ ಸಾಲನ್ನು ಮಾತ್ರ ಒಂದು ರಾತ್ರಿ ಹಾಡಿ ಮುಗಿಸಬಹುದು. ಆದರೂ ಮಣಿಗಳ ನಡುವೆ ದಾರವುಂಟು. ಭಕ್ತರನ್ನರಸುತ್ತ ಹೊರಟ ಮಾದಪ್ಪನ ನಡಿಗೆಯೇ ಆ ದಾರ. ಅಲ್ಲದೆ, ಸಂಕಮ್ಮನಿಗೆ ವರದಿಂದ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಆಕೆಯ ಸಾಲಿನಲ್ಲೇ ನಿಂತುಹೋಗದೆ ಮಾದಪ್ಪನ ಪರಿವಾರಕ್ಕೆ ಸೇರುತ್ತಾರೆ. ಸಾಲಿನಿಂದ ಸಾಲಿಗೆ ದಾಟುವ ಇಂತಹ ಪಾತ್ರಗಳಿಂದಲೇ ಬಿಡಿಗಥೆಗಳು ಒಂದು ಮಹಾಕಾವ್ಯವಾಗುವುದು. ಇಂದಿನ ಕಿರುತೆರೆಯ ಕಥಾಮಾಲೆಗಳೂ ಹಗ್ಗದ ಜಾತಿ, ಸರದ ಜಾತಿ ಎಂಬ ಈ ಎರಡು ಬಗೆಗಳಲ್ಲಿ ಒಂದಕ್ಕೆ ಸೇರುತ್ತವೆ, ಇಲ್ಲವೆ ಎರಡನ್ನೂ ಬೆರೆಸಿಕೊಂಡಿರುತ್ತವೆ.

ಕೊಂಡಿಗಳ ವಿಚಾರ ಬಂದಾಗ ಕೊಂಡಿ ತಪ್ಪುವ ವಿಚಾರವನ್ನೂ ಹೇಳಬೇಕು. ‘ಇಲಿಯಡ್’ ಕಾವ್ಯದ ೫ನೆಯ ಸರ್ಗದಲ್ಲಿ ಹತನಾದ ಪೈಲೆಮೆನೀಸ್ ಎಂಬ ದೊರೆ ೧೩ನೆಯ ಸರ್ಗದಲ್ಲಿ ಸತ್ತ ಮಗನ ಹಿಂದೆ ಕಣ್ಣೀರಿಡುತ್ತ ನಡೆಯುತ್ತಾನೆ. ‘ಡಾಕ್ಟರ್ ಹೂ’ ಮಾಲೆಯ ಡಾಲೆಕ್ ಎಂಬ ಯಂತ್ರಾಸುರರು ೧೯೬೩-೬೪ರ ಕಥೆಯಲ್ಲಿ ‘ಡಾಲ್’ ಎಂಬ ಜನಾಂಗದಿಂದ ಬಂದವರು. ೧೯೭೫ರ ಕಥೆಯಲ್ಲಿ ಅದೇ ಜನಾಂಗ ‘ಕಾಲೆಡ್’ ಆಗಿದೆ. ಗಾಯಕ ರಾಮಸಾಮಿಯವರು ಹಾಡಿದ ಪಾಠವನ್ನೂ ಬರೆಯಿಸಿದ ಪಾಠವನ್ನೂ ಬೆಕ್ ಹೋಲಿಸಿದ್ದಾರೆ; ಬಾಯಿ ಒಂದೇ ಆದರೂ ಪಾಠಗಳು ಒಂದಲ್ಲ. ಇವನ್ನು ಕೇವಲ ಪ್ರಮಾದಗಳೆಂದು ತಿದ್ದಿಬಿಡುವ ಚಪಲ ನಮ್ಮಂತಹ ಉಪಾಧ್ಯಾಯರಿಗೆ ಸಹಜ. ಕೆಂಪು ಶಾಯಿ ನಮ್ಮ ಕೈಗೆ ಅಂಟಿಕೊಂಡಿದೆ. ಆದರೆ ಚರಿತ್ರಕಾರನಿಗೆ ಈ ವ್ಯತ್ಯಾಸಗಳೇ ಆಧಾರಗಳು. ಕಥೆ ಯಾರ ಮುಂದೆ, ಯಾವಾಗ, ಯಾವ ಅಗತ್ಯಕ್ಕೆ ಹೇಳಲ್ಪಟ್ಟಿತೆಂಬುದನ್ನು ಅವು ಸೂಚಿಸುತ್ತವೆ. ಹೆಸರೊಂದು ವ್ಯತ್ಯಾಸವಾದರೆ ಕೇಳುವವನು ಸಹಿಸಿಕೊಳ್ಳುತ್ತಾನೆ. ೧೬ ವರ್ಷದ ಆಯುಸ್ಸನ್ನು ಮರೆತರೆ ಮಾತ್ರ ಕಥೆಯ ಬೆನ್ನೆಲುಬೇ ಮುರಿಯುತ್ತದೆ. ಯಾವ ಕೊಂಡಿ ಸಡಿಲವಾಗಬಹುದು, ಯಾವುದು ಆಗಕೂಡದು ಎಂಬ ವಿವೇಕ ಹಾಡುಗಾರನಲ್ಲಿ ಇರುವಷ್ಟೇ ಎದುರಿಗೆ ಕುಳಿತವನಲ್ಲಿಯೂ ಇರುತ್ತದೆ.

ಈ ಮಾತಿಗೆ ಇನ್ನೊಂದು ಪ್ರಮಾಣವುಂಟು. ಬಿ.ಬಿ.ಸಿ. ಸಂಸ್ಥೆಯು ಆ ಧಾರಾವಾಹಿಯ ೧೯೬೦ರ ದಶಕದ ಅನೇಕ ಕಂತುಗಳ ಟೇಪುಗಳನ್ನು ಮುಂದೆ ಬೇಡವೆಂದು ಅಳಿಸಿಹಾಕಿತು. ಚಿತ್ರಗಳು ಹೋದುವು. ಮಾತುಗಳು ಮಾತ್ರ ಉಳಿದುವು. ಏಕೆಂದರೆ ಸಾಮಾನ್ಯ ಪ್ರೇಕ್ಷಕರು ತಮ್ಮ ಮನೆಗಳಲ್ಲಿ ಅವನ್ನು ಟೇಪಿಗೆ ಹಿಡಿದಿಟ್ಟುಕೊಂಡಿದ್ದರು. ಮಾಡಿದ ಸಂಸ್ಥೆ ಕಾಪಾಡದುದನ್ನು ಕೇಳಿದವರು ಕಾಪಾಡಿದರು.

ನಮ್ಮ ಕರ್ತವ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಪಠ್ಯಪುಸ್ತಕಕ್ಕೆ ಒಂದು ಸಾಲನ್ನೋ ಒಂದು ಪ್ರಸಂಗವನ್ನೋ ಆರಿಸಿಕೊಂಡಾಗ ಮೊದಲು ಬಿದ್ದುಹೋಗುವುದು ಕೊಂಡಿಯೇ. ನಿನ್ನೆಯದನ್ನು ನೆನಪಿಸುವ ನುಡಿಗಳು ಪುನರುಕ್ತಿಯೆಂದೂ, ಮುಂದಿನದನ್ನು ಸೂಚಿಸುವ ನುಡಿಗಳು ಅಪ್ರಸ್ತುತವೆಂದೂ ಸಂಪಾದಕರ ಕತ್ತರಿಗೆ ಸಿಕ್ಕುತ್ತವೆ. ಮಗುವಿಗೆ ಮಣಿ ದೊರೆಯುತ್ತದೆ, ದಾರ ಕಳೆದುಹೋಗುತ್ತದೆ. ಆದ್ದರಿಂದ ಗಡಿನಾಡಿನ ಉಪಾಧ್ಯಾಯ ಬಂಧುಗಳು ತಮ್ಮೂರಿನಲ್ಲಿ ಹಾಡು ಕೇಳಲು ಹೋದಾಗ ಕಥೆಯನ್ನು ಮಾತ್ರವಲ್ಲದೆ, ಯಾವ ರಾತ್ರಿ ಎಲ್ಲಿಗೆ ನಿಂತಿತು, ಮರುರಾತ್ರಿ ಯಾವ ಮಾತಿನಿಂದ ಮೊದಲಾಯಿತು, ಹಾಡುಗಾರನು ಮರೆತಾಗ ಸಭೆಯಲ್ಲಿ ಯಾರು ಎತ್ತಿಕೊಟ್ಟರು ಎಂಬುದನ್ನೂ ತಾರೀಖಿನೊಡನೆ ಬರೆದಿಡಬೇಕು. ತಮಿಳಿನಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ. ಎರಡೂ ಬಲ್ಲ ನಮ್ಮ ಮಕ್ಕಳಿಗೆ ಈ ಕೆಲಸ ಇತರರಿಗಿಂತ ಸುಲಭ. ಅವರ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟು ಮುಂದಿನ ಜಾತ್ರೆಗೆ ಕಳುಹಿಸುವುದರಿಂದಲೇ ಇದು ಆರಂಭವಾಗಲಿ.